ಬ್ರೈಟನ್ ಕಡಲಲ್ಲಿ ನಿಂತಿರುವ ಕಬ್ಬಿಣದ ಅಸ್ಥಿಪಂಜರ: ಮೊದಲು ಹೇಗಿತ್ತು, ಯಾಕೆ ಹೀಗಾಯ್ತು?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನಾನು ಇಂಗ್ಲೆಂಡಿನ ಹೋವ್‌ನಲ್ಲಿದ್ದೇನೆ, ಬ್ರೈಟನ್‌ಗೆ ಅಂಟಿಕೊಂಡೇ ಇರುವ ಊರು. ಹೋದ ತಿಂಗಳು ಶಿವಮೊಗ್ಗದಿಂದ ಅಪ್ಪ ಅಮ್ಮ ಬಂದಿದ್ದಾರೆ. ಅಪ್ಪ ರಸ್ತೆ, ಸೇತುವೆ ಕೆಲಸದಲ್ಲೇ ಮೂವತ್ತು ವರ್ಷ ಕಳೆದವರು. ಸಂಜೆ ಹೊರಗೆ ಕರೆದುಕೊಂಡು ಹೋದರೆ ಅವರಿಗೆ ಅಂಗಡಿ ಬೇಡ, ಅರಮನೆ ಬೇಡ. ದಡದಿಂದ ಸ್ವಲ್ಪ ದೂರದಲ್ಲಿ, ನೀರಿನ ನಡುವೆ ಒಂಟಿಯಾಗಿ ನಿಂತಿದೆಯಲ್ಲ, ವೆಸ್ಟ್ ಪಿಯರ್ (ಪಿಯರ್ ಅಂದರೆ ದಡದಿಂದ ಸಮುದ್ರದೊಳಗೆ ಚಾಚಿದ ಕಟ್ಟೆ) ಅನ್ನುವ ತುಕ್ಕು ಹಿಡಿದ ಕಬ್ಬಿಣದ ಅಸ್ಥಿಪಂಜರ, ಅದರ ಎದುರಿಗೆ ಕೂತುಬಿಡುತ್ತಾರೆ.

ಮೊದಲ ದಿನವೇ ಅಪ್ಪ ಕೇಳಿದರು. ಇದು ಏನಾಗಿತ್ತು? ಮೇಲೆ ಕಟ್ಟಡ ಇದ್ದಿದ್ದರೆ ಆ ಭಾರವನ್ನು ಇಷ್ಟು ಸಣ್ಣ ಕಾಲುಗಳು ಹೇಗೆ ಹೊತ್ತವು? ಉಪ್ಪು ನೀರಲ್ಲಿ ಕಬ್ಬಿಣ ನೂರೈವತ್ತು ವರ್ಷ ಹೇಗೆ ಉಳಿಯಿತು? ಅಷ್ಟು ವರ್ಷ ಉಳಿದದ್ದು ಆಮೇಲೆ ಯಾಕೆ ಹೀಗೆ ಹಾಳಾಯಿತು? ನನಗೆ ಗೊತ್ತಿದ್ದದ್ದು "ಹಳೆಯ ಪಿಯರ್ ಅಪ್ಪಾ, ಬೆಂಕಿ ಬಿತ್ತಂತೆ" ಅನ್ನುವಷ್ಟು ಮಾತ್ರ. ಅವರಿಗೆ ಅದು ಸಾಕಾಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಸಾಕಾಗಲಿಲ್ಲ.

ಹಳೆಯ ಫೋಟೋಗಳನ್ನು ನೋಡಿದೆ. ತುದಿಯಲ್ಲಿ ದೊಡ್ಡ ಪೆವಿಲಿಯನ್, ಗೋಪುರಗಳು, ಮಧ್ಯದಲ್ಲಿ ಇನ್ನೊಂದು ಹಾಲ್, ಉದ್ದಕ್ಕೂ ದೀಪದ ಕಂಬಗಳು. ಈಗ ಇರುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ ಅನ್ನಿಸುತ್ತದೆ. ಇಲ್ಲಿ ಕಟ್ಟಡಗಳ ಬಗ್ಗೆ, ಎರಕದ ಕಬ್ಬಿಣದ ಬಗ್ಗೆ ತಿಳಿದವರು ಇದ್ದರೆ ದಯವಿಟ್ಟು ಸ್ವಲ್ಪ ಬಿಡಿಸಿ ಹೇಳಿ. ಉದ್ದ ಆದರೂ ಪರವಾಗಿಲ್ಲ. ಅಪ್ಪನಿಗೆ ಓದಿ ಹೇಳುತ್ತೇನೆ. ಹತ್ತಿರ ಹೋಗಿ ಮುಟ್ಟಿ ನೋಡುವಂಥದ್ದು ಏನಾದರೂ ಉಳಿದಿದ್ದರೆ ಅದನ್ನೂ ತಿಳಿಸಿ. ಅವರು ವಾಪಸ್ ಹೋಗಲು ಇನ್ನು ಮೂರು ವಾರ ಇದೆ.


ಕಮಾನುಕಟ್ಟೆ:

ತುಂಗಾತೀರ ಅವರೇ, ನಿಮ್ಮ ತಂದೆಯವರಿಗೆ ಮೊದಲು ನನ್ನ ನಮಸ್ಕಾರ ತಿಳಿಸಿ. ನಾನು ಲಂಡನ್‌ನಲ್ಲಿ ಆರ್ಕಿಟೆಕ್ಟ್, ಹಳೆಯ ಕಟ್ಟಡಗಳೇ ನನ್ನ ಕೆಲಸ. ವೆಸ್ಟ್ ಪಿಯರ್ ನೋಡಲೆಂದೇ ಎಷ್ಟು ಸಲ ಬ್ರೈಟನ್ ರೈಲು ಹತ್ತಿದ್ದೇನೋ ಲೆಕ್ಕ ಇಲ್ಲ.

ಒಂದು ವಿಷಯ ಮೊದಲೇ ತಿಳಿದಿರಲಿ. ಬ್ರೈಟನ್‌ನಲ್ಲಿ "ಪೆವಿಲಿಯನ್" ಅಂದರೆ ಜನ ರಾಯಲ್ ಪೆವಿಲಿಯನ್ ಅಂದುಕೊಳ್ಳುತ್ತಾರೆ, ನಮ್ಮ ಕಡೆಯ ಗುಮ್ಮಟಗಳ ಹಾಗಿರುವ ಆ ಅರಮನೆ. ಅದು 1815ರಿಂದ 1822ರ ನಡುವೆ ಜಾನ್ ನ್ಯಾಶ್ ಕೈಯಲ್ಲಿ ಈ ರೂಪ ಪಡೆಯಿತು. ಅದಕ್ಕೂ ಈ ಪಿಯರ್‌ಗೂ ನಂಟಿದೆ, ಆಮೇಲೆ ಹೇಳುತ್ತೇನೆ.

ವೆಸ್ಟ್ ಪಿಯರ್ ತೆರೆದದ್ದು 1866ರ ಅಕ್ಟೋಬರ್ 6ರಂದು. ಉದ್ದ 1,115 ಅಡಿ, ಅಂದರೆ ಸುಮಾರು 340 ಮೀಟರ್. ಇಂಜಿನಿಯರ್ ಯುಜೀನಿಯಸ್ ಬರ್ಚ್. ಇವರು ಒಟ್ಟು 14 ಪಿಯರ್‌ಗಳನ್ನು ಕಟ್ಟಿದವರು, ನಮ್ಮ ದೇಶದ ಕೋಲ್ಕತ್ತ-ದೆಹಲಿ ರೈಲು ಮಾರ್ಗದ ಕೆಲಸದಲ್ಲೂ ಇದ್ದವರು. ಆದರೆ ನೀವು ಫೋಟೋದಲ್ಲಿ ನೋಡಿದ ದೊಡ್ಡ ಪೆವಿಲಿಯನ್ ಆಗ ಇರಲಿಲ್ಲ. ಶುರುವಿನಲ್ಲಿ ಇದು ಸಮುದ್ರದ ಮೇಲಿನ ಒಂದು ಉದ್ದನೆಯ ಜಗಲಿ ಅಷ್ಟೇ. ಬಾಗಿಲಲ್ಲಿ ಎರಡು ಟೋಲ್ ಮನೆ, ದಾರಿಯುದ್ದಕ್ಕೂ ಪುಟ್ಟ ಪುಟ್ಟ ಎಂಟು ಮೂಲೆಯ ಕಿಯೋಸ್ಕ್‌ಗಳು, ಎರಡೂ ಅಂಚಿಗೆ ಕೊನೆಯವರೆಗೆ ಬೆಂಚು, ತುದಿಯಲ್ಲಿ ಗಾಳಿ ತಡೆಯಲು ಗಾಜಿನ ಪರದೆ. ನೀವು ಚಳಿಗಾಲದಲ್ಲಿ ಅಲ್ಲಿ ನಿಂತಿದ್ದರೆ ಆ ಗಾಜು ಎಷ್ಟು ಮುಖ್ಯ ಅಂತ ಗೊತ್ತಿರುತ್ತದೆ. ಜನ ಕಾಸು ಕೊಟ್ಟು ಬರುತ್ತಿದ್ದುದೇ ಹಡಗು ಹತ್ತದೆ ಸಮುದ್ರದ ಮೇಲೆ ನಡೆಯುವುದಕ್ಕೆ. ಎದುರಿನ ರೀಜೆನ್ಸಿ ಸ್ಕ್ವೇರ್‌ನ ಶ್ರೀಮಂತರು ಮಾತ್ರ ನಮ್ಮ ಕಿಟಕಿಯ ನೋಟ ಕೆಡುತ್ತದೆ ಅಂತ ತಕರಾರು ತೆಗೆದಿದ್ದರು.

ಇನ್ನು ರಾಯಲ್ ಪೆವಿಲಿಯನ್ ನಂಟು. ಬರ್ಚ್ ಇಲ್ಲಿನ ದೀಪದ ಕಂಬಗಳಿಗೆ ಹಾವುಗಳು ಸುತ್ತಿಕೊಂಡ ವಿನ್ಯಾಸ ಕೊಟ್ಟರು. ಅದು ಆ ಅರಮನೆಯ ಒಳಗಿನ ಅಲಂಕಾರದಿಂದ ಬಂದದ್ದು. ಅರಮನೆಯ ಅಡುಗೆಮನೆಗೆ ಅಪ್ಪನನ್ನು ಖಂಡಿತ ಕರೆದುಕೊಂಡು ಹೋಗಿ. ಅಲ್ಲಿನ ಸಣ್ಣ ಕಂಬಗಳು ಎರಕದ ಕಬ್ಬಿಣದವು, ತಲೆಯ ಮೇಲೆ ತಾಮ್ರದ ತಾಳೆ ಗರಿಗಳು. ಬಿದಿರಿನ ಮೆಟ್ಟಿಲಿನ ಹಾಗೆ ಕಾಣುವ ಮೆಟ್ಟಿಲು ಕೂಡ ಕಬ್ಬಿಣವೇ! ಮುಟ್ಟಿದರೆ ತಣ್ಣಗೆ, ಆಗ ಗೊತ್ತಾಗುತ್ತದೆ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಭಾರತದ ಸೈನಿಕರಿಗೆ ಅದೇ ಅರಮನೆ ಆಸ್ಪತ್ರೆಯಾಗಿತ್ತು.

ಪಿಯರ್‌ಗೆ ಬರೋಣ. ತುದಿಯನ್ನು ಅಗಲ ಮಾಡಿ 1893ರಲ್ಲಿ 1,400 ಜನ ಕೂರುವ ಪೆವಿಲಿಯನ್ ಕಟ್ಟಿದರು. ಮೂಲೆಗಳಲ್ಲಿ ಗೋಪುರ, ಸುತ್ತ ಕಮಾನುಗಳ ಪಡಸಾಲೆ. ಹತ್ತು ವರ್ಷಕ್ಕೆ ಅದು ನಾಟಕದ ಥಿಯೇಟರ್ ಆಯಿತು. ನಂತರ 1916ರಲ್ಲಿ ಮಧ್ಯಭಾಗದಲ್ಲಿ ಕನ್ಸರ್ಟ್ ಹಾಲ್ ಬಂತು. ಅದರ ಒಳಗಿನ ಫೋಟೋ ಸಿಕ್ಕರೆ ನಿಧಾನವಾಗಿ ನೋಡಿ. ಸಪೂರ ಕಬ್ಬಿಣದ ಕಮಾನುಗಳು, ಮಧ್ಯದಲ್ಲಿ ಅಡ್ಡ ಬರುವ ದಪ್ಪ ಕಂಬ ಇಲ್ಲ, ಮೇಲಿಂದ ಬೆಳಕು. ಸಂಗೀತ ಕೇಳುವಾಗ ಕಾಲ ಕೆಳಗೆ ಅಲೆ ಬಡಿಯುವುದು ಕೇಳಿಸಿರಬೇಕು. ನನ್ನ ಪ್ರಕಾರ ಇಡೀ ಇಂಗ್ಲೆಂಡಿನ ಕಡಲ ತೀರದಲ್ಲಿ ಅಷ್ಟು ಹಗುರವಾಗಿ ನಿಂತ ಹಾಲ್ ಇನ್ನೊಂದು ಇರಲಿಲ್ಲ. 1918-19ರ ಹೊತ್ತಿಗೆ ಒಂದು ವರ್ಷಕ್ಕೆ 20 ಲಕ್ಷ ಜನ ಈ ಪಿಯರ್ ಮೇಲೆ ನಡೆದರು.

ಹಾಳಾದ ಕಥೆ ಬೇಸರದ್ದು, ಬೇಗ ಹೇಳಿ ಮುಗಿಸುತ್ತೇನೆ. 1940ರಲ್ಲಿ ಶತ್ರುಗಳು ಇಳಿಯಬಾರದು ಅಂತ ನಡುವಿನ ಹಲಗೆಗಳನ್ನು ಕಿತ್ತರು. ಯುದ್ಧ ಮುಗಿದ ಮೇಲೆ ಥಿಯೇಟರ್ ಆಟದ ಯಂತ್ರಗಳ ಮನೆ ಆಯಿತು, ಕನ್ಸರ್ಟ್ ಹಾಲ್ ಚಹಾ ಅಂಗಡಿ ಆಯಿತು. ರಿಪೇರಿಗೆ ದುಡ್ಡು ಹಾಕುವವರು ಇರಲಿಲ್ಲ. 1970ರಲ್ಲಿ ತುದಿ ಮುಚ್ಚಿತು, 1975ರಲ್ಲಿ ಇಡೀ ಪಿಯರ್. 1982ರಲ್ಲಿ ಸರ್ಕಾರ ಇದಕ್ಕೆ ಗ್ರೇಡ್ 1, ಅಂದರೆ ಹಳೆಯ ಕಟ್ಟಡಗಳಿಗೆ ಕೊಡುವ ಅತಿ ಮೇಲಿನ ದರ್ಜೆಯ ರಕ್ಷಣೆ ಕೊಟ್ಟಿತು. ಮರುವರ್ಷ ವೆಸ್ಟ್ ಪಿಯರ್ ಟ್ರಸ್ಟ್ ಇದನ್ನು 100 ಪೌಂಡಿಗೆ ಕೊಂಡಿತು. 1987ರ ಬಿರುಗಾಳಿಗೆ ಪೆಟ್ಟು ಬಿತ್ತು, ಆಮೇಲೆ ದಡದ ಕಡೆಯ ಭಾಗವನ್ನು ಅಪಾಯ ಅಂತ ಬಿಚ್ಚಿದರು, ಪಿಯರ್ ದ್ವೀಪದ ಹಾಗೆ ಒಂಟಿಯಾಯಿತು. 1998ರಲ್ಲಿ ಲಾಟರಿ ನಿಧಿಯಿಂದ ಸುಮಾರು 14 ಮಿಲಿಯನ್ ಪೌಂಡ್ ಕೊಡಲು ಒಪ್ಪಿದಾಗ ನನ್ನಂಥವರಿಗೆ ಎಷ್ಟು ಆಸೆ ಹುಟ್ಟಿತ್ತು. ಕೆಲಸ ಶುರುವಾಗುವ ಮೊದಲೇ 2002ರ ಡಿಸೆಂಬರ್ ಕೊನೆಯಲ್ಲಿ ಒಂದು ಭಾಗ ಕುಸಿಯಿತು. 2003ರ ಮಾರ್ಚ್ 28ರಂದು ತುದಿಯ ಪೆವಿಲಿಯನ್ ಸುಟ್ಟಿತು. ದಾರಿ ಕುಸಿದಿದ್ದರಿಂದ ಅಗ್ನಿಶಾಮಕದವರಿಗೆ ಅಲ್ಲಿಗೆ ಹೋಗಲೇ ಆಗಲಿಲ್ಲ. ಮೇ 11ಕ್ಕೆ ಕನ್ಸರ್ಟ್ ಹಾಲ್ ಕೂಡ ಸುಟ್ಟಿತು. 2004ರಲ್ಲಿ ಇನ್ನು ರಿಪೇರಿ ಸಾಧ್ಯವಿಲ್ಲ ಅಂದರು. 2014ರ ಫೆಬ್ರವರಿ ಬಿರುಗಾಳಿಯಲ್ಲಿ ಉಳಿದದ್ದೂ ಎರಡು ತುಂಡಾಯಿತು.

ಕಾಲು ಹೇಗೆ ನಿಂತಿದೆ ಅನ್ನುವ ಪ್ರಶ್ನೆಗೆ ಒಂದು ಮಾತು. ಈ ಕಂಬಗಳನ್ನು ಸುತ್ತಿಗೆಯಲ್ಲಿ ಹೊಡೆದು ಇಳಿಸಿದ್ದಲ್ಲ, ಸ್ಕ್ರೂ ತಿರುಗಿಸಿದ ಹಾಗೆ ಸಮುದ್ರದ ತಳಕ್ಕೆ ತಿರುಗಿಸಿ ಇಳಿಸಿದ್ದು. ಈ ಉಪಾಯ ಬೆಲ್‌ಫಾಸ್ಟ್‌ನ ಅಲೆಕ್ಸಾಂಡರ್ ಮಿಚೆಲ್ ಅವರದು, 1833ರಲ್ಲಿ ಪೇಟೆಂಟ್ ಪಡೆದರು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಕೈಯಲ್ಲೇ ಮುಟ್ಟಿ ಮುಟ್ಟಿ ಎಲ್ಲ ಲೆಕ್ಕ ಹಾಕಿದವರು. ಕಂಬದ ತುದಿಗೆ ಅಗಲವಾದ ಸ್ಕ್ರೂ ಎಲೆ ಇರುತ್ತದೆ, ಮೇಲೆ ಚಕ್ರ ಕಟ್ಟಿ ಹತ್ತಾರು ಜನ ಗಾಣದ ಹಾಗೆ ಸುತ್ತುತ್ತಾರೆ, ಕಂಬ ಮರಳನ್ನು ಕೊರೆದುಕೊಂಡು ಇಳಿಯುತ್ತದೆ. ಆ ಅಗಲದ ಎಲೆ ಭಾರವನ್ನೂ ಹೊರುತ್ತದೆ, ಅಲೆ ಮೇಲಕ್ಕೆ ಎಳೆದರೆ ಬಿಡದೆ ಹಿಡಿದುಕೊಳ್ಳುತ್ತದೆ.

ಎರಕದ ವಿಷಯ ನನಗಿಂತ ಚೆನ್ನಾಗಿ ತಿಳಿದವರು ಇಲ್ಲಿದ್ದಾರೆ. ಬೀಡುಬೆಳಗಾವಿ ಅಣ್ಣಾ, ಬನ್ನಿ.


ಬೀಡುಬೆಳಗಾವಿ:

ಕರೆದದ್ದಕ್ಕೆ ಬಂದೆ. ನಾನು ಬೆಳಗಾವಿಯಲ್ಲಿ ಫೌಂಡ್ರಿ ಕೆಲಸದವನು. ಮೊದಲು ಪ್ಯಾಟರ್ನ್ ಶಾಪಿನಲ್ಲಿ, ಅಂದರೆ ಮರಳಲ್ಲಿ ಒತ್ತಿ ಅಚ್ಚು ತೆಗೆಯುವ ಮರದ ಮಾದರಿ ಮಾಡುವ ಕಡೆ, ಮರ ಕೆತ್ತುತ್ತಿದ್ದೆ, ಆಮೇಲೆ ಮೌಲ್ಡಿಂಗ್. ಬ್ರೈಟನ್ ನೋಡಿಲ್ಲ. ಆದರೆ ತುಂಗಾತೀರ ಅವರು ಹಾಕಿದ ಫೋಟೋ ದೊಡ್ಡದು ಮಾಡಿ ನೋಡಿದೆ, ಕಂಬದ ಫ್ಲೇಂಜು (ಜೋಡಿಸಲು ಬಿಟ್ಟ ಅಗಲದ ಅಂಚು), ಬೋಲ್ಟಿನ ತೂತು ಎಲ್ಲ ಕಾಣುತ್ತದೆ.

ಅಪ್ಪಾಜಿ ಅವರಿಗೆ ಹೇಳಿ. ಅಲ್ಲಿ ಎರಡು ಜಾತಿಯ ಕಬ್ಬಿಣ ಇದೆ. ನೆಟ್ಟಗೆ ನಿಂತ ಕಂಬಗಳು ಬೀಡು, ಅಂದರೆ ಎರಕದ ಕಬ್ಬಿಣ. ಅಡ್ಡಕ್ಕೆ ಜಾಳಿಗೆಯ ಹಾಗೆ ಕಾಣುವ ಗರ್ಡರ್, ಓರೆಯಾಗಿ ಎಳೆದು ಕಟ್ಟಿದ ಸರಳು, ಅವು ಮೆದು ಕಬ್ಬಿಣ, ಬಡಿದು ರೋಲರಿನಲ್ಲಿ ಹಾಯಿಸಿದ್ದು. ಯಾಕೆ ಹೀಗೆ? ಬೀಡಿನಲ್ಲಿ ಕಾರ್ಬನ್ ನೂರಕ್ಕೆ ಎರಡಕ್ಕಿಂತ ಜಾಸ್ತಿ, ಮೂರು ಮೂರೂವರೆ ಇರುತ್ತದೆ. ಅದರ ತಲೆ ಮೇಲೆ ಎಷ್ಟು ಭಾರ ಬೇಕಾದರೂ ಇಡಿ, ಹೊರುತ್ತದೆ. ಎಳೆದರೆ ಮಾತ್ರ ತಡೆಯುವುದಿಲ್ಲ. ಬಗ್ಗುವುದಿಲ್ಲ, ಮುನ್ಸೂಚನೆ ಕೊಡುವುದಿಲ್ಲ, ಒಮ್ಮೆಲೇ ಟಣ್ ಅಂತ ಮುರಿಯುತ್ತದೆ. ಮೆದು ಕಬ್ಬಿಣ ಎಳೆತಕ್ಕೆ ಚೆನ್ನ. ಹಾಗಾಗಿ ಹೊರುವ ಕೆಲಸ ಅದಕ್ಕೆ, ಎಳೆಯುವ ಕೆಲಸ ಇದಕ್ಕೆ. ಬರ್ಚ್ ಸಾಹೇಬರು ಇದನ್ನು ಸರಿಯಾಗಿ ಹಂಚಿದ್ದಾರೆ. ಸಣ್ಣ ಕಾಲು ದೊಡ್ಡ ಭಾರ ಹೊತ್ತದ್ದರ ಗುಟ್ಟು ಇಷ್ಟೇ. ಕಾಲುಗಳು ಒಂದೆರಡಲ್ಲ, ನೂರಾರು, ಮತ್ತು ಪ್ರತಿಯೊಂದೂ ನೆಟ್ಟಗೆ ನಿಂತಿದೆ.

ಕಂಬ ಒಳಗೆ ಪೊಳ್ಳು. ಅದನ್ನು ಎರೆಯುವುದು ಸುಲಭ ಅಲ್ಲ. ಮರಳಿನ ಅಚ್ಚಿನ ನಡುವೆ ಒಂದು ಕೋರ್ ಇಡಬೇಕು, ಉದ್ದನೆಯ ಮಣ್ಣಿನ ದಿಂಡು. ಕರಗಿದ ಬೀಡು ಸುತ್ತ ಹರಿದಾಗ ಆ ಕೋರ್ ತೇಲಲು ನೋಡುತ್ತದೆ. ಕೂದಲೆಳೆಯಷ್ಟು ಮೇಲಕ್ಕೆದ್ದರೂ ಕಂಬದ ಒಂದು ಮೈ ದಪ್ಪ, ಇನ್ನೊಂದು ಮೈ ತೆಳ್ಳಗೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಅದಕ್ಕೇ ಹಳೆಯ ಕಂಬ ಪರೀಕ್ಷೆ ಮಾಡುವವರು ಸುತ್ತ ಮೂರು ನಾಲ್ಕು ಕಡೆ ಸಣ್ಣ ತೂತು ಕೊರೆದು ದಪ್ಪ ಅಳೆಯುತ್ತಾರೆ. ನಮ್ಮಲ್ಲೂ ಹಾಗೇ ಮಾಡುತ್ತೇವೆ, ತುದಿ ಬಗ್ಗಿಸಿದ ತಂತಿ ಒಳಗೆ ಹಾಕಿ ಹಿಂದಕ್ಕೆ ಎಳೆದು ಗುರುತು ಹಾಕುವುದು.

ಆ ಕಾಲದಲ್ಲಿ ತಪ್ಪು ಮುಚ್ಚುವವರೂ ಇದ್ದರು. ಸ್ಕಾಟ್ಲೆಂಡಿನ ಟೇ ಸೇತುವೆ 1879ರ ಡಿಸೆಂಬರ್ 28ರ ರಾತ್ರಿ ರೈಲಿನ ಸಮೇತ ನದಿಗೆ ಬಿತ್ತು. ಅದರ ಕಂಬಗಳೂ ಬೀಡು. ಎಳೆಯುವ ಸರಳುಗಳನ್ನು ಹಿಡಿದಿದ್ದ ಕಿವಿಗಳನ್ನೂ ಕಂಬದ ಜೊತೆಗೇ ಬೀಡಿನಲ್ಲಿ ಎರೆದಿದ್ದರು, ಅವೇ ಮುರಿದವು. ವಿಚಾರಣೆಯಲ್ಲಿ ಇನ್ನೊಂದು ವಿಷಯ ಹೊರಬಂತು. ಎರಕದಲ್ಲಿ ಬಿದ್ದ ತೂತುಗಳಿಗೆ ಜೇನುಮೇಣ, ರಾಳ, ಕಬ್ಬಿಣದ ಪುಡಿ, ದೀಪದ ಮಸಿ ಕಲಸಿ ತುಂಬಿದ್ದರಂತೆ. ಅದಕ್ಕೆ ಫೌಂಡ್ರಿಯಲ್ಲಿ "ಬೋಮಾಂಟ್ ಎಗ್" ಅಂತ ಹೆಸರೇ ಇತ್ತು. ತಿಕ್ಕಿದರೆ ಕಬ್ಬಿಣದ ಹಾಗೇ ಹೊಳೆಯುತ್ತದೆ. ಇದನ್ನು ಮೊದಲ ಸಲ ಓದಿದಾಗ ನನಗೆ ಒಂದು ದಿನ ಊಟ ಸೇರಲಿಲ್ಲ. ನಮ್ಮ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಪಾಪ ಇಲ್ಲ.

ಉಪ್ಪು ನೀರಿನ ಪ್ರಶ್ನೆ. ಎರಕ ಹೊಯ್ದಾಗ ಮರಳಿಗೆ ತಾಗಿದ ಮೇಲ್ಮೈ ಗಟ್ಟಿಯಾಗುತ್ತದೆ, ನಾವು ಅದನ್ನು ಎರಕದ ಚರ್ಮ ಅನ್ನುತ್ತೇವೆ. ಅದನ್ನು ತಿಕ್ಕಿ ತೆಗೆಯದೆ ಇದ್ದರೆ, ಮೇಲೆ ಬಣ್ಣ ಹೊಡೆಯುತ್ತಿದ್ದರೆ, ಬೀಡು ಉಕ್ಕಿಗಿಂತ ಚೆನ್ನಾಗಿ ಕಡಲ ಗಾಳಿ ತಡೆಯುತ್ತದೆ. ಆದರೆ ನೀರಲ್ಲೇ ಮುಳುಗಿದ್ದರೆ ಇನ್ನೊಂದು ರೋಗ ಬರುತ್ತದೆ. ಕಬ್ಬಿಣ ಮಾತ್ರ ಮೆಲ್ಲಗೆ ಕರಗಿಹೋಗಿ ಅದರೊಳಗಿನ ಗ್ರಾಫೈಟ್ ಉಳಿದುಕೊಳ್ಳುತ್ತದೆ. ಆಕಾರ ಹಾಗೇ ಇರುತ್ತದೆ, ಬೋಲ್ಟಿನ ತಲೆ ಹೂವಿನ ಎಸಳು ಎಲ್ಲ ಹಾಗೇ ಕಾಣುತ್ತದೆ. ಚಾಕು ಹಾಕಿದರೆ ಪೆನ್ಸಿಲ್ ಸೀಸದ ಹಾಗೆ ಕೆರೆದುಕೊಂಡು ಬರುತ್ತದೆ. ಹಳೆ ನೀರಿನ ಪೈಪುಗಳಲ್ಲಿ ನಾನೇ ಕಣ್ಣಾರೆ ನೋಡಿದ್ದೇನೆ.

ಬೆಂಕಿಗೂ ಒಂದು ಮಾತು ಸೇರಿಸುತ್ತೇನೆ. ಬೀಡು ಉರಿಯುವುದಿಲ್ಲ, ಉರಿದದ್ದು ಮೇಲಿನ ಮರ. ಆದರೆ ಕಾದ ಬೀಡಿನ ಮೇಲೆ ತಣ್ಣೀರು ಬಿದ್ದರೆ ಗಾಜಿನ ಲೋಟದ ಹಾಗೆ ಸೀಳುತ್ತದೆ. ಕೆಳಗೆ ಇಡೀ ಸಮುದ್ರವೇ ಇತ್ತು.


ತುಂಗಾತೀರ:

ಇಬ್ಬರಿಗೂ ಏನು ಹೇಳಬೇಕು ತಿಳಿಯುತ್ತಿಲ್ಲ. ಊಟದ ಮೇಜಿನ ಮೇಲೆ ಎರಡು ಸಲ ಓದಿದೆವು. ಅಪ್ಪ ಕಾಗದದ ಮೇಲೆ ಸ್ಕ್ರೂ ಕಂಬದ ಚಿತ್ರ ಬರೆದು ಅಮ್ಮನಿಗೆ ವಿವರಿಸಿದರು. ಅಮ್ಮ "ಗಾಣ" ಅನ್ನುವ ಪದಕ್ಕೇ ಪೂರ್ತಿ ಅರ್ಥ ಮಾಡಿಕೊಂಡರು.

ಅಪ್ಪನ ಮುಂದಿನ ಪ್ರಶ್ನೆ. ಇದೆಲ್ಲ ಬೋಲ್ಟ್ ಹಾಕಿ ಜೋಡಿಸಿದ್ದು ಅಲ್ವಾ? ಹಾಗಿದ್ದರೆ ಕೆಟ್ಟ ಕಂಬ ಬಿಚ್ಚಿ ಹೊಸದು ಹಾಕುತ್ತಾ ಹೋಗಬಹುದಿತ್ತು. ಯಾಕೆ ಹಾಗೆ ಮಾಡಲಿಲ್ಲ? ಈಗ ಮತ್ತೆ ಎರೆದು ಕಟ್ಟಲು ಆಗುವುದಿಲ್ಲವಾ?


ಕಾಳಿಕಡಲು:

ನಾನು ಕಾರವಾರದವಳು, ಈಗ ಇಲ್ಲೇ ಈಸ್ಟ್‌ಬೋರ್ನ್‌ನಲ್ಲಿದ್ದೇನೆ. ಈ ಊರಿನ ಪಿಯರ್ ಕೂಡ ಅದೇ ಬರ್ಚ್ ಅವರದು, 1870ರದು, ಇನ್ನೂ ಜನ ಓಡಾಡುತ್ತಾರೆ.

ನನ್ನ ಅಭಿಪ್ರಾಯ ಬೇರೆ. ವೆಸ್ಟ್ ಪಿಯರನ್ನು ಮತ್ತೆ ಕಟ್ಟುವುದು ಬೇಡ. ಚಳಿಗಾಲದಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ಹೋಗಿ ನೋಡಿ. ಸ್ಟಾರ್ಲಿಂಗ್ ಹಕ್ಕಿಗಳು, ನಮ್ಮ ಕಬ್ಬಕ್ಕಿಗಳ ನಂಟರು, ಸಾವಿರಗಟ್ಟಲೆ ಬರುತ್ತವೆ. ಆಕಾಶದಲ್ಲಿ ಹೊಗೆಯ ಹಾಗೆ ತಿರುಗಿ ತಿರುಗಿ ಕೊನೆಗೆ ಆ ಅಸ್ಥಿಪಂಜರದೊಳಗೆ ಇಳಿದು ರಾತ್ರಿ ಕಳೆಯುತ್ತವೆ. ಅದು ಈಗ ಹಕ್ಕಿಗಳ ಮನೆ. ಹೊಸದಾಗಿ ಎರೆದು ನಿಲ್ಲಿಸಿದರೆ ಅದು 1866ರದ್ದಾಗುವುದಿಲ್ಲ, ಅದರ ಹೆಸರಿಟ್ಟುಕೊಂಡ ಬೇರೆ ಯಾವುದೋ ಆಗುತ್ತದೆ. ದುಡ್ಡು ಇದ್ದರೆ ಇನ್ನೂ ಉಳಿಸಬಹುದಾದದ್ದಕ್ಕೆ ಹಾಕಲಿ. ಬ್ರೈಟನ್‌ನ ಪೂರ್ವ ಭಾಗಕ್ಕೆ ಹೋದರೆ ಮಡೇರಾ ಟೆರೇಸ್ ಇದೆ. 1890ರ ದಶಕದ್ದು, 865 ಮೀಟರ್ ಉದ್ದದ ಎರಕದ ಕಬ್ಬಿಣದ ಕಮಾನುಗಳ ಸಾಲು. ಕಮಾನಿನ ನಡುವೆ ನೆಪ್ಚೂನ್ ಮತ್ತು ಅಫ್ರೋಡೈಟಿಯ ಮುಖಗಳು. ಅದನ್ನೂ ಅಪಾಯ ಅಂತ ಬೇಲಿ ಹಾಕಿ ಮುಚ್ಚಿದ್ದರು. 2017ರಲ್ಲಿ ಊರಿನ ಜನ ಚಂದಾ ಎತ್ತಿದರು. 2024ರ ಕೊನೆಗೆ ಮೊದಲ 28 ಕಮಾನುಗಳ ಕೆಲಸ ಶುರುವಾಯಿತು. ನಾನೂ ನನ್ನ ಕೈಲಾದಷ್ಟು ಕೊಟ್ಟಿದ್ದೆ.


ಕಮಾನುಕಟ್ಟೆ:

ಕಾಳಿಕಡಲು ಮೇಡಂ, ಹಕ್ಕಿಗಳ ಮಾತು ಒಪ್ಪುತ್ತೇನೆ. ನಾನೂ ಆ ಸಂಜೆಗಳಲ್ಲಿ ನಿಂತು ನೋಡಿದ್ದೇನೆ. ಆದರೆ "ಹೊಸದಾಗಿ ಎರೆದರೆ ಅದು ಅದಲ್ಲ" ಅನ್ನುವುದನ್ನು ಎರಕದ ಕಟ್ಟಡಕ್ಕೆ ಹೇಳುವುದು ಕಷ್ಟ. ಕಲ್ಲಿನ ದೇವಸ್ಥಾನದಲ್ಲಿ ಒಂದು ಶಿಲ್ಪ ಹೋದರೆ ಹೋಯಿತು, ಆ ಶಿಲ್ಪಿಯ ಕೈ ಮತ್ತೆ ಬರುವುದಿಲ್ಲ. ಇಲ್ಲಿ ಕಲೆ ಇದ್ದದ್ದು ಮರದ ಪ್ಯಾಟರ್ನಿನಲ್ಲಿ. ಅದರಿಂದ ಒಂದೇ ಥರದ ನೂರು ಕಂಬ, ನೂರು ಕಮಾನು, ನೂರು ಹಾವಿನ ದೀಪ ಎರೆದರು. ಕೆಟ್ಟದ್ದನ್ನು ಬಿಚ್ಚಿ ಬದಲಿಸುವುದು ಅದರ ಹುಟ್ಟಿನಲ್ಲೇ ಇದೆ. ನಿಮ್ಮ ತಂದೆಯವರ ಪ್ರಶ್ನೆ ತುಂಬಾ ಸರಿಯಾದ ಪ್ರಶ್ನೆ, ತುಂಗಾತೀರ ಅವರೇ. ಹಾಗೆಯೇ ಮಾಡಬಹುದಿತ್ತು. ಬಣ್ಣ ಹೊಡೆಯುವುದು, ಬೋಲ್ಟ್ ಬದಲಿಸುವುದು, ಹಲಗೆ ಬದಲಿಸುವುದು, ಇದು ಪ್ರತಿ ವರ್ಷದ ಕೆಲಸ. ಅದು ನಿಂತುಹೋದದ್ದು 1975ರಲ್ಲಿ. ಬೆಂಕಿ ಬಿದ್ದದ್ದು 2003ರಲ್ಲಿ. ನಡುವಿನ 28 ವರ್ಷ ಕಡಲಿಗೆ ಬಿಟ್ಟುಕೊಟ್ಟರು. ಪಿಯರನ್ನು ಕೊಂದದ್ದು ಬೆಂಕಿ ಅಂತ ಎಲ್ಲರೂ ಬರೆಯುತ್ತಾರೆ, ನನಗೆ ಆ 28 ವರ್ಷಗಳೇ ಕಾಣುತ್ತವೆ.

ಈಗ ಮತ್ತೆ ಕಟ್ಟುವ ಬಗ್ಗೆ, ನನಗೂ ಈಗ ಆಸೆ ಇಲ್ಲ. ಉಳಿದಿರುವುದು ತೀರಾ ಕಡಿಮೆ. ಆದರೆ ಸರಿಯಾಗಿ ಮಾಡಿದರೆ ಹೇಗಿರುತ್ತದೆ ಅನ್ನುವುದಕ್ಕೆ ಪಕ್ಕದಲ್ಲೇ ಉದಾಹರಣೆ ಇದೆ. ಪಿಯರಿನಿಂದ ಹೋವ್ ಕಡೆಗೆ ಸ್ವಲ್ಪ ನಡೆದರೆ ಬ್ಯಾಂಡ್‌ಸ್ಟ್ಯಾಂಡ್ ಸಿಗುತ್ತದೆ. 1884ರದು, ಫಿಲಿಪ್ ಲಾಕ್‌ವುಡ್ ಅವರ ವಿನ್ಯಾಸ, ಮಡೇರಾ ಟೆರೇಸ್ ಕೂಡ ಅವರದೇ. ಎಂಟು ಕಂಬ, ಅವುಗಳ ನಡುವೆ ಲೇಸ್ ನೇಯ್ದ ಹಾಗೆ ಕಮಾನು, ಮೇಲೆ ಗುಮ್ಮಟ. ಜನ ಹಕ್ಕಿ ಪಂಜರ ಅನ್ನುತ್ತಾರೆ. ಅದೂ ಪಾಳು ಬಿದ್ದಿತ್ತು. 2009ರಲ್ಲಿ ಪೂರ್ತಿ ಸರಿ ಮಾಡಿ ತೆರೆದರು, ಈಗ ಅಲ್ಲಿ ಮದುವೆ ನಡೆಯುತ್ತದೆ. ಕಡಲ ತೀರದ ಕಬ್ಬಿಣದ ಮಂಟಪ ಅಂದರೆ ಏನು ಅಂತ ನಿಮ್ಮ ತಂದೆಯವರಿಗೆ ತೋರಿಸಬೇಕಾದದ್ದು ಅದನ್ನೇ. ಒಳಗೆ ನಿಂತು ಸಮುದ್ರದ ಕಡೆ ತಿರುಗಿ. ಕಬ್ಬಿಣ ಇಲ್ಲವೇ ಇಲ್ಲ, ಬರೀ ಗೆರೆಗಳಿವೆ ಅನ್ನಿಸುತ್ತದೆ.

ಇನ್ನು ಪಿಯರಿನ ಕೆಲವು ಕಂಬಗಳನ್ನು ತಂದು ಐ360 ಗೋಪುರದ ಹತ್ತಿರ ದಡದ ಮೇಲೆ ನಿಲ್ಲಿಸಿದ್ದಾರೆ. ಗೋಪುರದ ಬಾಗಿಲಲ್ಲಿ ಹಳೆಯ ಟೋಲ್ ಮನೆಗಳನ್ನೂ 1866ರ ಮಾದರಿಯಲ್ಲೇ ನಿಲ್ಲಿಸಿದ್ದಾರೆ. ಕೈಯಿಟ್ಟು ನೋಡಬಹುದು.


ಬೀಡುಬೆಳಗಾವಿ:

ಮತ್ತೆ ಎರೆಯುವ ಬಗ್ಗೆ ಕೇಳಿದ್ದೀರಿ. ಆಗುತ್ತದೆ. ಆದರೆ ಒಂದು ಸೂಕ್ಷ್ಮ ಇದೆ, ಇದನ್ನು ತಿಳಿಯದೆ ಕೈ ಹಾಕಿದವರು ಕೆಟ್ಟಿದ್ದಾರೆ, ನಾನೂ ಒಮ್ಮೆ ಕೆಟ್ಟಿದ್ದೇನೆ. ಬೀಡು ತಣ್ಣಗಾದಾಗ ಕುಗ್ಗುತ್ತದೆ, ಒಂದು ಅಡಿಗೆ ಒಂದು ಇಂಚಿನ ಎಂಟನೇ ಒಂದು ಭಾಗ. ಹಾಗಾಗಿ ಪ್ಯಾಟರ್ನ್ ಮಾಡುವವನ ಹತ್ತಿರ ಬೇರೆಯದೇ ಸ್ಕೇಲ್ ಇರುತ್ತದೆ, ಅದರ ಅಡಿ ನಿಜವಾದ ಅಡಿಗಿಂತ ಸ್ವಲ್ಪ ಉದ್ದ. ನಾನು ಹುಡುಗನಾಗಿದ್ದಾಗ ಒಂದು ಹಳೆಯ ಬಂಗಲೆಯ ರೇಲಿಂಗ್ ರಿಪೇರಿಗೆ ಬಂತು. ಒಂದು ತುಂಡು ಮುರಿದಿತ್ತು. ಚೆನ್ನಾಗಿದ್ದ ಇನ್ನೊಂದು ತುಂಡನ್ನೇ ಪ್ಯಾಟರ್ನ್ ಮಾಡಿ ಮರಳಲ್ಲಿ ಒತ್ತಿ ಎರೆದೆ. ಮೂರು ಅಡಿಯ ತುಂಡು. ಹೂ ಬಳ್ಳಿ ಎಲ್ಲ ಅಚ್ಚುಕಟ್ಟಾಗಿ ಬಂದಿತ್ತು. ಜೋಡಿಸಲು ಹೋದರೆ ಬೋಲ್ಟಿನ ತೂತು ಕೂಡುತ್ತಿಲ್ಲ! ಇಂಚಿನ ಎಂಟನೇ ಮೂರು ಭಾಗ ಗಿಡ್ಡ. ನಮ್ಮ ಮೇಸ್ತ್ರಿ ಬೈಯಲಿಲ್ಲ. ಆ ಕುಗ್ಗುವ ಸ್ಕೇಲನ್ನು ಮಾಮೂಲಿ ಸ್ಕೇಲಿನ ಪಕ್ಕ ಇಟ್ಟು, "ಬೆರಳು ಆಡಿಸಿ ನೋಡು" ಅಂದರು. ಆವತ್ತಿನಿಂದ ಇವತ್ತಿನವರೆಗೆ ಅದು ಮರೆತಿಲ್ಲ. ಅಲ್ಲಿ ಮಡೇರಾ ಕಮಾನುಗಳಿಗೂ ಇದೇ ಲೆಕ್ಕ. ಹಳೆಯದನ್ನು ಅಳೆದು, ಕುಗ್ಗುವಷ್ಟು ಸೇರಿಸಿ, ಹೊಸ ಪ್ಯಾಟರ್ನ್ ಮಾಡಲೇಬೇಕು.

ಬೆಸುಗೆ ಹಾಕಿ ಸರಿ ಮಾಡಬಹುದಲ್ಲ ಅಂತ ಅಪ್ಪಾಜಿ ಕೇಳಬಹುದು. ಬೀಡಿಗೆ ಬೆಸುಗೆ ಒಗ್ಗುವುದಿಲ್ಲ. ಪೂರ್ತಿ ಕಾಯಿಸಿ, ನಿಧಾನಕ್ಕೆ ಆರಿಸಿ ಮಾಡಿದರೆ ಸಣ್ಣ ಪುಟ್ಟ ತುಂಡು ಕೂಡುತ್ತದೆ. ಭಾರ ಹೊರುವ ಕಂಬಕ್ಕೆ ಅದನ್ನು ನಂಬಬಾರದು.

ಊರಿಗೆ ವಾಪಸ್ ಬಂದ ಮೇಲೆ ಒಂದು ಕೆಲಸ ಮಾಡಿ. ಲಾಲ್‌ಬಾಗಿನ ಗಾಜಿನ ಮನೆಗೆ ಹೋಗಿ, 1889ರಲ್ಲಿ ಅಡಿಗಲ್ಲು ಹಾಕಿದ್ದು. ಅಲ್ಲಿನ ಎರಕದ ಕೆಲಸ ಗ್ಲಾಸ್ಗೋದ ಸಾರಾಸೆನ್ ಫೌಂಡ್ರಿಯದು, ವಾಲ್ಟರ್ ಮ್ಯಾಕ್‌ಫಾರ್ಲೇನ್ ಕಂಪನಿ. ಮೈಸೂರು ಅರಮನೆಯ ಕಲ್ಯಾಣ ಮಂಟಪದ ಕಂಬಗಳೂ ಅವರವೇ. ಅವರು ದೊಡ್ಡ ಕ್ಯಾಟಲಾಗ್ ಇಟ್ಟಿದ್ದರು. ಕಂಬ ಇಂತಿಷ್ಟು, ಕಮಾನು ಇಂತಿಷ್ಟು ಅಂತ ಆರಿಸಿದರೆ ಎರೆದು, ನಂಬರ್ ಹಾಕಿ, ಹಡಗಿಗೆ ತುಂಬಿ ಕಳಿಸುತ್ತಿದ್ದರು. ಬ್ರಿಟನ್ನಿನ ಎಷ್ಟೋ ಕಡಲ ತೀರದ ಮಂಟಪಗಳಿಗೂ ಅಲ್ಲಿಂದಲೇ ಮಾಲು ಹೋಗಿದೆ. ನಾನು ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ಎಲ್ಲರೂ ಹೂ ನೋಡುತ್ತಿದ್ದರೆ ನಾನು ಕಂಬದ ಬುಡದಲ್ಲಿ ಕೂತು ಜೋಡಣೆ ನೋಡುತ್ತಿದ್ದೆ. ಸೆಕ್ಯುರಿಟಿಯವರು ಬಂದು ಏನಾದರೂ ಕಳೆದುಹೋಯಿತಾ ಅಂತ ಕೇಳಿದರು.

ಬ್ಯಾಂಡ್‌ಸ್ಟ್ಯಾಂಡಿಗೆ ಹೋದಾಗ ಅಪ್ಪಾಜಿಗೆ ಹೇಳಿ, ಕಟಕಟೆಯ ಒಳಮೈಯಲ್ಲಿ, ಜನರ ಕಣ್ಣಿಗೆ ಬೀಳದ ಕಡೆ ಬೆರಳು ಆಡಿಸಲಿ. ಅಚ್ಚಿನ ಎರಡು ಪೆಟ್ಟಿಗೆ ಕೂಡಿದ ಜಾಗದಲ್ಲಿ ಒಂದು ಸಣ್ಣ ಗೆರೆ ಉಬ್ಬಿರುತ್ತದೆ. ಹೊರಮೈಯಲ್ಲಿ ಅದನ್ನು ಅರದಲ್ಲಿ ತಿಕ್ಕಿರುತ್ತಾರೆ, ಒಳಗೆ ಬಿಟ್ಟಿರುತ್ತಾರೆ.


ಕಾಳಿಕಡಲು:

ಕಮಾನುಕಟ್ಟೆ ಅವರೇ, 28 ವರ್ಷದ ಲೆಕ್ಕ ನಾನು ಯಾವತ್ತೂ ಹಾಗೆ ನೋಡಿರಲಿಲ್ಲ. ಹಕ್ಕಿಗಳಿಗೋಸ್ಕರ ಅದು ಹಾಗೇ ಇರಲಿ ಅಂತಲೇ ಈಗಲೂ ಹೇಳುತ್ತೇನೆ. ತುಂಗಾತೀರ, ದಡದ ಕಂಬಗಳನ್ನು ನೋಡಲು ಯಾವ ಹೊತ್ತಾದರೂ ಸರಿ. ಆದರೆ ಪಿಯರಿನ ಕಾಲು ನೋಡಬೇಕಿದ್ದರೆ ಇಳಿತದ ಹೊತ್ತಿಗೆ ಹೋಗಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಜಾಸ್ತಿ ಹಿಂದೆ ಸರಿಯುತ್ತದೆ. ದಡದಿಂದಲೇ ನೋಡಿ, ಅದರ ಕೆಳಗೆ ಮಾತ್ರ ಹೋಗಬೇಡಿ, ಮೇಲಿಂದ ತುಂಡು ಬೀಳುತ್ತದೆ. ಅಲ್ಲಿ ಮರಳಲ್ಲ, ಉರುಟು ಕಲ್ಲು. ಅಮ್ಮನಿಗೆ ಚಪ್ಪಲಿ ಬೇಡ, ಶೂ ಹಾಕಿಸಿ.


ತುಂಗಾತೀರ:

ಹೋಗಿ ಬಂದೆವು. ನಿನ್ನೆ, ಭಾನುವಾರ. ಅಮ್ಮ ಶೂ ಹಾಕಿಕೊಂಡಿದ್ದರು, ಸೀರೆ ಸ್ವಲ್ಪ ಮೇಲಕ್ಕೆ ಕಟ್ಟಿ ಕಲ್ಲಿನ ಮೇಲೆ ನಮಗಿಂತ ಮುಂದೆ ನಡೆದರು.

ದಡದ ಕಂಬಗಳ ಹತ್ತಿರ ಮೊದಲು ಹೋದೆವು. ಅಪ್ಪ ಒಂದಕ್ಕೆ ಅಂಗೈ ಒತ್ತಿ ಸುಮ್ನೆ ನಿಂತರು. ತುಕ್ಕು ಪದರ ಪದರವಾಗಿ ಎದ್ದಿದೆ, ಹಳೆಯ ಮರದ ತೊಗಟೆಯ ಹಾಗೆ. ಬೆರಳ ಗೆಣ್ಣಿನಲ್ಲಿ ಬಡಿದು ನೋಡಿದರು. ಒಂದು ಕಡೆ ಟಣ್ ಅಂದಿತು, ಒಂದು ಗೇಣು ಕೆಳಗೆ ಬಡಿದರೆ ಮಂಕಾದ ಸದ್ದು. "ಇಲ್ಲಿ ಒಳಗೆ ಹೋಗಿದೆ ನೋಡು" ಅಂದರು. ಬೆಳಗಾವಿ ಅಣ್ಣ ಹೇಳಿದ ಆ ರೋಗವೇನಾ ಇದು, ಅಥವಾ ಮೇಲಿನ ತುಕ್ಕಿನ ಪದರ ಬಿಟ್ಟಿರುವುದಕ್ಕೆ ಹಾಗೆ ಕೇಳಿಸುತ್ತಾ? ಫೋಟೋ ಹಾಕುತ್ತೇನೆ, ನೋಡಿ ಹೇಳಿ.

ಆಮೇಲೆ ಬ್ಯಾಂಡ್‌ಸ್ಟ್ಯಾಂಡ್. ಅಪ್ಪ ಬಗ್ಗಿ ಕಟಕಟೆಯ ಒಳಮೈ ಪೂರ್ತಿ ಬೆರಳಲ್ಲಿ ಹುಡುಕಿದರು. ಬಣ್ಣ ದಪ್ಪಗೆ ಇದೆ, ಎಷ್ಟೋ ಪದರ ಬಳಿದಿದ್ದಾರೆ. ಮೂರನೇ ಅಂಕಣದಲ್ಲಿ ಸಿಕ್ಕಿತು, ಬಣ್ಣದ ಕೆಳಗೆ ಒಂದು ನೂಲಿನಷ್ಟು ಉಬ್ಬು. ನನ್ನ ಬೆರಳು ಹಿಡಿದು ಅದರ ಮೇಲೆ ಇಡಿಸಿದರು, ಆಮೇಲೆ ಅಮ್ಮನದು.